ಮರಳಿದ ಯೋಧನೂ ಬಡ ಚಲಚ್ಚಿತ್ರವೂ

ಎಲಿಯಾ ಕಜಾನನು 1972ರಲ್ಲಿ ತೆಗೆದ ‘ದಿ ವಿಸಿಟರ್ಸ್’ ಯುದ್ಧವನ್ನು ಕುರಿತ ಚಿತ್ರವಾದರೂ ಅದರಲ್ಲಿ ರಣರಂಗವಿಲ್ಲ. ಹಾಲಿವುಡ್ಡಿನ ವೈಭವವನ್ನೆಲ್ಲ ಕಂಡಿದ್ದ ಆ ನಿರ್ದೇಶಕನು, ಮಗ ಕ್ರಿಸ್ ಬರೆದ ಕಥೆಯನ್ನು ಕನೆಕ್ಟಿಕಟ್ಟಿನ ತನ್ನ ಸ್ವಂತ ಮನೆಯಲ್ಲಿಯೇ, ಹದಿನಾರು ಮಿಲಿಮೀಟರಿನ ಅಗ್ಗದ ಫಿಲ್ಮಿನಲ್ಲಿ, ಬೆರಳೆಣಿಕೆಯ ಸಹಾಯಕರೊಡನೆ ಚಿತ್ರಿಸಿದನು. ವಿಯೆಟ್ನಾಮಿನಲ್ಲಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಒಡನಾಡಿಗಳ ವಿರುದ್ಧ ಸಾಕ್ಷ್ಯ ನುಡಿದ ಬಿಲ್ ಎಂಬವನು, ಸಂಗಾತಿ ಮಾರ್ಥಾ ಮತ್ತು ಹಸುಗೂಸಿನೊಡನೆ ಆಕೆಯ ತಂದೆಯ ಆಸರೆಯಲ್ಲಿ ಬಾಳುತ್ತಿರಲು, ಸೆರೆಯಿಂದ ಬಿಡುಗಡೆ ಹೊಂದಿದ ಆ ಒಡನಾಡಿಗಳಿಬ್ಬರು ನೆಂಟರಂತೆ ಬಾಗಿಲಿಗೆ ಬರುತ್ತಾರೆ. ಹಿಂದಿನ ಮಹಾಯುದ್ಧದಲ್ಲಿ ಕಾದಿದ್ದ ವೃದ್ಧನಿಗೆ ಬಿಲ್ಲನಿಗಿಂತ ಇವರೇ ಮೆಚ್ಚುಗೆಯಾಗುತ್ತಾರೆ. ಕುಡಿತ, ಊಟ, ಟೀವಿಯ ಫುಟ್ಬಾಲ್ ಪಂದ್ಯ, ಇವುಗಳ ನಡುವೆಯೇ ಯುದ್ಧವು ಮನೆಯೊಳಗೆ ಬಂದು ಕುಳಿತುಬಿಡುತ್ತದೆ.

ಈ ಚಿತ್ರದ ಶಕ್ತಿ ಅದರ ಬಡತನದಿಂದಲೇ ಹುಟ್ಟಿದುದೆಂದು ನನ್ನ ನಂಬಿಕೆ. ಹಣವಿದ್ದಿದ್ದರೆ ಕಾಡು, ಹೆಲಿಕಾಪ್ಟರು, ಸಿಡಿಮದ್ದುಗಳು ಪ್ರೇಕ್ಷಕನ ಕಣ್ಣನ್ನು ಸೆಳೆದು, ಬಿಲ್ಲನ ಮೌನದ ಭಾರವನ್ನು ಹಗುರಗೊಳಿಸುತ್ತಿದ್ದವು. ಆದರೆ ದೋಷವೂ ಸಣ್ಣದಲ್ಲ: ಸತ್ತ ಹುಡುಗಿಗೆ ಇಲ್ಲಿ ದನಿಯಿಲ್ಲ, ಕೊನೆಗೆ ಮಾರ್ಥಾಳ ಮೇಲೆ ನಡೆಯುವ ಅತ್ಯಾಚಾರವೂ ಗಂಡಸರ ಕಲಹದ ಸಾಧನವಾಗಿಯೇ ಉಳಿಯುತ್ತದೆ.

ನಮ್ಮಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಕೊಡಗಿನ ಯೋಧ ಅಚ್ಚಪ್ಪನನ್ನೂ ದಾದಿ ಅನ್ನಪೂರ್ಣೆಯನ್ನೂ ನಮ್ಮ ಮುಂದೆ ನಿಲ್ಲಿಸಿ, ಯುದ್ಧವು ಸಂಸಾರದಿಂದ ಕಸಿದುಕೊಳ್ಳುವುದನ್ನು ಗಾಂಭೀರ್ಯದಿಂದ ತೋರಿತು. ಅದಕ್ಕೆ ಸಂದ ರಾಷ್ಟ್ರಪ್ರಶಸ್ತಿ ತಕ್ಕುದೇ. ವಿಷ್ಣುವರ್ಧನ್ ಮತ್ತು ಸುಹಾಸಿನಿಯವರ ಅಭಿನಯ ಇಂದಿಗೂ ಮಾಸಿಲ್ಲ. ಆದರೂ ಅಲ್ಲಿನ ದುಃಖವು ವಿರಹದ, ವಿಯೋಗದ ದುಃಖ. ಬದುಕಿ ಬಂದವನ ನಿದ್ದೆಗೆಟ್ಟ ಮನಸ್ಸಿಗೆ ಆ ವಿಶಾಲ ದೃಶ್ಯವೈಭವದಲ್ಲಿ ಎಡೆ ಕಿರಿದು.

ಕೊಡಗಿಗೆ ನೆರೆಯಾದ ಈ ಸೀಮೆಯಲ್ಲಿ, ಹುಣಸೂರು ಪಿರಿಯಾಪಟ್ಟಣಗಳಿಂದ ನಮ್ಮ ಹಂಪಾಪುರದವರೆಗೆ, ಸೇನೆಯಿಂದ ಮರಳಿದವರನ್ನು ಜನ ಆದರದಿಂದ ‘ಮಿಲಿಟ್ರಿಯವರು’ ಎನ್ನುತ್ತಾರೆ. ಗಡಿಯ ಚಳಿಯನ್ನು, ಪೆನ್ಷನ್ನನ್ನು, ಕ್ಯಾಂಟೀನಿನ ರಮ್ಮನ್ನು ವಿಚಾರಿಸುತ್ತಾರೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವವರು ವಿರಳ. ಕುಡಿತ ಹೆಚ್ಚಿದರೆ ಚಟವೆಂದು, ಸಿಟ್ಟೇರಿದರೆ ಮಿಲಿಟ್ರಿಯ ದರ್ಪವೆಂದು ತೀರ್ಮಾನಿಸಿ, ಹೆಂಡತಿಯನ್ನು ‘ಸಹಿಸಿಕೊಳ್ಳಮ್ಮಾ’ ಎಂದು ಸಮಾಧಾನಪಡಿಸಿ, ಮಾತು ಮುಗಿಸುತ್ತಾರೆ. ಈ ಮಾತನ್ನು ಮುಂದುವರಿಸಬಲ್ಲ ಕನ್ನಡ ಚಿತ್ರಕ್ಕೆ ಒಂದು ಮನೆ, ನಾಲ್ವರು ನಟರು, ತಾಳ್ಮೆಯುಳ್ಳ ಕ್ಯಾಮರಾ ಸಾಕು. ಅಂತಹ ಚಿತ್ರವು ಕಜಾನನು ಬಿಟ್ಟ ಹೆಣ್ಣಿನ ದನಿಯನ್ನೂ ಕೂಡಿಸಿಕೊಂಡಲ್ಲಿ, ಯೋಧನನ್ನು ಹಾರ ಹಾಕಿ ಮರೆಯುವ ನಮ್ಮ ಸುಲಭ ಗೌರವವನ್ನು ತಿದ್ದಬಲ್ಲುದು. ಅದನ್ನು ತೆಗೆಯಲು ಬಂಡವಾಳವಿಲ್ಲವೆಂಬ ನೆಪ ಸಲ್ಲದು.