ತಬರನ ಕಡತ, ಗುಲಾಬಿಯ ಡಿಶ್ಶು

ತಬರ ಶೆಟ್ಟಿ ಈಗ ಇದ್ದಿದ್ದರೆ, ಬೆರಳಚ್ಚು ತಾಳೆಯಾಗಲಿಲ್ಲ ಎಂದು ಅವನ ಪಿಂಚಣಿ ನಿಲ್ಲುತ್ತಿತ್ತೇನೋ. ‘ಸರ್ವರ್ ಇಲ್ಲ, ನಾಳೆ ಬಾ’ ಎನ್ನುತ್ತಿದ್ದರು. 1986ರ ‘ತಬರನ ಕಥೆ’ಯಲ್ಲಿ ಆ ಕೆಲಸವನ್ನು ಕಡತ ಮಾಡುತ್ತದೆ. ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ, ಆಪರೇಷನ್ನಿಗೆ ದುಡ್ಡು ಬೇಕು, ದುಡ್ಡು ಕಡತದೊಳಗೆ ಸಿಕ್ಕಿಕೊಂಡಿದೆ. ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಗಿರೀಶ ಕಾಸರವಳ್ಳಿ ತೆರೆಗೆ ತಂದಾಗ ತಬರನಾದವರು ಚಾರುಹಾಸನ್. ಅವರ ಸಿಟ್ಟಿಗಿಂತ ವಿಧೇಯತೆಯೇ ನಮ್ಮ ಹೊಟ್ಟೆ ಹಿಂಡುತ್ತದೆ.

ಕನ್ನಡದ ಹೊಸ ಅಲೆಯ ಸಿನಿಮಾಗಳನ್ನು ‘ಇಂದಿಗೂ ಪ್ರಸ್ತುತ’ ಎಂದು ಸಾರಾಸಗಟಾಗಿ ಹೊಗಳುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಮೊದಲು ಸೆನ್ಸಾರಿನವರು ತಡೆದಿದ್ದ ‘ಸಂಸ್ಕಾರ’ (1970) ಆಗ ಬೆಂಕಿಯಾಗಿತ್ತು. ಇಂದಿನ ಪ್ರೇಕ್ಷಕ ಮಾತ್ರ ಅದನ್ನು ‘ಆ ಕಾಲದ ಅಗ್ರಹಾರ’ ಎಂದು ನೋಡಿ ಹಾಯಾಗಿ ಎದ್ದುಹೋಗಬಲ್ಲ. ಕೇಡು ಮಡಿಯುಟ್ಟು ಬಂದರೆ ಗುರುತಿಸುವುದು ಸುಲಭ. ‘ಘಟಶ್ರಾದ್ಧ’ (1977) ಆ ಅಪಾಯದಿಂದ ಪಾರಾದದ್ದು ಪುಟ್ಟ ನಾಣಿಯಿಂದ. ಬಸಿರಾದ ವಿಧವೆ ಯಮುನಕ್ಕನನ್ನು ಊರು ಹೊರಹಾಕುವುದನ್ನು, ಪೂರ್ತಿ ಅರ್ಥವಾಗದಿದ್ದರೂ, ಅವನು ನೋಡುತ್ತಾನೆ. ಅದರ ದುರಸ್ತಿಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವ ಕಂಡಿತು. ನಮ್ಮೂರಿನ ಯಾವ ಟಾಕೀಸಿನಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಬೇಡಿ.

ನನ್ನ ಮಟ್ಟಿಗೆ ಈ ಹೊತ್ತಿನ ಸಿನಿಮಾ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕತೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಆ ಜಾಗಕ್ಕೆ ಟೀವಿ, ಡಿಶ್ಶು ತಂದರು. ಕುಂದಾಪುರದ ಕಡೆಯ ಕುದ್ರುವೊಂದರಲ್ಲಿ ಒಂಟಿಯಾಗಿರುವ ಮುಸ್ಲಿಂ ಸೂಲಗಿತ್ತಿ ಗುಲಾಬಿ. ಟೀವಿ ನೋಡಲು ಮೀನುಗಾರ ಹೆಂಗಸರು ಅವಳ ಮನೆಗೆ ಬರುತ್ತಾರೆ; ಅಡುಗೆ, ಗಂಡ, ಸಾಲ ಎಲ್ಲವೂ ಅಲ್ಲಿ ಮಾತಾಗುತ್ತವೆ. ಅದೇ ಪೆಟ್ಟಿಗೆ ಕಾರ್ಗಿಲ್ ಯುದ್ಧವನ್ನೂ ಮನೆಯೊಳಗೆ ತರುತ್ತದೆ. ಮೀನು ವ್ಯಾಪಾರದ ಪೈಪೋಟಿಗೆ ಧರ್ಮದ ಹೆಸರು ಅಂಟುತ್ತದೆ. ಆ ಹೆಂಗಸರಲ್ಲೊಬ್ಬಳಾದ ನೇತ್ರು ಕಾಣೆಯಾದಾಗ ದೂರು ಬೀಳುವುದು ಗುಲಾಬಿಯ ತಲೆಯ ಮೇಲೆ. ನಿನ್ನೆ ಚಾಪೆ ಹಂಚಿಕೊಂಡವರು ಇಂದು ಅವಳನ್ನು ಸಾಗಹಾಕುತ್ತಾರೆ. ವಾಟ್ಸಾಪ್ ಗುಂಪುಗಳು ಹುಟ್ಟುವ ಮೊದಲೇ ಬಂದ ಚಿತ್ರವಿದು. ಉಮಾಶ್ರೀಯವರ ಮುಖದಲ್ಲಿ ಪರದೆಯ ಬೆಳಕು ಆಡುವುದನ್ನು ನೋಡಿ: ಆ ಬೆರಗು ಸುಳ್ಳಲ್ಲ, ಅದರ ಬೆಲೆಯೂ ಸುಳ್ಳಲ್ಲ.

ಕಾಸರವಳ್ಳಿಯವರ ‘ದ್ವೀಪ’ವೂ ಇದೇ ಸಾಲಿನದು. ಅಣೆಕಟ್ಟಿನ ನೀರು ಏರುತ್ತಿದ್ದರೂ ಮನೆ ಬಿಡದ ನಾಗಿಯ ದುಡಿಮೆಯ ಶ್ರೇಯ ಕೊನೆಗೆ ದೇವರಿಗೆ ಸಲ್ಲುತ್ತದೆ.

ಒಂದು ತಕರಾರು ಇದ್ದೇ ಇದೆ. ಈ ಪರಂಪರೆ ದಲಿತರನ್ನು ಬಹುಪಾಲು ಅಂಗಳದಾಚೆ ನಿಲ್ಲಿಸಿಯೇ ನೋಡಿತು. ‘ಚೋಮನ ದುಡಿ’ (1975) ಚೋಮನನ್ನು ನಡುವೆ ತಂದರೂ ಅವನಿಗೆ ಉಳಿಸಿದ್ದು ಬಹುತೇಕ ಸಂಕಟವನ್ನೇ. ಬಡವನಿಗೆ ಹಾಸ್ಯಪ್ರಜ್ಞೆ, ಚಾಲಾಕಿತನ, ಸೋಮಾರಿತನ ಇರಬಹುದೆಂಬುದನ್ನು ಒಪ್ಪಿಕೊಳ್ಳಲು ಹೊಸ ಅಲೆಗೆ ಯಾಕೋ ಮುಜುಗರ.

ಆ ಮುಜುಗರ ಕಳೆದದ್ದು ರಾಮ್ ರೆಡ್ಡಿಯ ‘ತಿಥಿ’ಯಲ್ಲಿ (2015). ಮಂಡ್ಯ ಸೀಮೆಯ ಹಳ್ಳಿಯ ಜನರೇ, ನಟನೆ ಕಲಿಯದವರೇ, ಅಲ್ಲಿನ ಪಾತ್ರಗಳು. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅಡ್ಡಿಯೆಂದರೆ ಅಪ್ಪ ಗಡ್ಡಪ್ಪ. ಒಂದು ಕಾಗದ ಸಿಗದೆ ತಬರ ಹುಚ್ಚನಾದ. ತಮ್ಮಣ್ಣ ದುಡ್ಡು ಕೊಟ್ಟು ಬದುಕಿರುವ ಅಪ್ಪನ ಮರಣ ಪ್ರಮಾಣಪತ್ರವನ್ನೇ ಮಾಡಿಸುತ್ತಾನೆ. ಗಡ್ಡಪ್ಪನಾದರೋ, ಬ್ರಾಂದಿ ಬಾಟಲಿ ಹಿಡಿದು ಕುರಿ ಕಾಯುವವರ ಜೊತೆ ಸೇರಿಕೊಂಡಿರುತ್ತಾನೆ.