ಮಾರಕವ್ಯಾಧಿಯ ಕಥೆಯೂ ಎಳೆಯ ವಾಚಕರೂ

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ವೆಂದು ಹೆಸರು. ಪಾಂಚಾಲರ ರಾಜಧಾನಿಯಾದ ಕಾಂಪಿಲ್ಯದಲ್ಲಿ, ಗಂಗಾತೀರದಲ್ಲಿ ಸಂಚರಿಸುತ್ತ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಇದನ್ನು ಉಪದೇಶಿಸಿದನು. (ಹೆಸರಿನ ಸಾಮ್ಯವನ್ನು ಹಿಡಿದು ಇದನ್ನು ನಮ್ಮ ತುಂಗಭದ್ರಾತೀರದ ಕಂಪ್ಲಿಗೆ ಎಳೆತರುವ ಸಾಹಸವನ್ನು ಯಾರೂ ಮಾಡದಿರಲಿ.) ಪ್ರಕೃತಿ, ಆಹಾರ, ವಯಸ್ಸುಗಳು ಭಿನ್ನವಾಗಿರುವ ಜನರೆಲ್ಲರೂ ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶವಾಗುವುದು ಹೇಗೆಂಬುದು ಶಿಷ್ಯನ ಪ್ರಶ್ನೆ. ವಾಯು, ಉದಕ, ದೇಶ, ಕಾಲ ಇವು ಸರ್ವರಿಗೂ ಸಾಮಾನ್ಯವಾದುವು. ಇವು ಕೆಟ್ಟರೆ ಜನಪದವೇ ಕೆಡುವುದೆಂಬುದು ಉತ್ತರ. ಅವು ಕೆಡುವುದಕ್ಕೆ ಮೂಲವು ಅಧರ್ಮವೆಂದೂ, ಆ ಅಧರ್ಮವು ದೇಶನಗರಗಳ ಪ್ರಮುಖರಲ್ಲಿ ಮೊದಲಾಗಿ ಪ್ರಜೆಗಳಿಗೆ ಇಳಿಯುವುದೆಂದೂ ಆಚಾರ್ಯನ ಮತ. ದೋಷವನ್ನು ಮೊದಲು ರೋಗಿಯ ಮೇಲೆ ಹೊರಿಸಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು.

ಪ್ಲೇಗನ್ನು ಕಥಾಂಗವಾಗಿ ಮಾಡಿಕೊಂಡ ಎರಡು ಪ್ರಸಿದ್ಧ ಕನ್ನಡ ಕಾದಂಬರಿಗಳನ್ನು ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಬಹುದು. ಅನಂತಮೂರ್ತಿಯವರ ‘ಸಂಸ್ಕಾರ’ವು (೧೯೬೫) ಸಂಪ್ರದಾಯವನ್ನು ಹಳಿಯುವ ಗ್ರಂಥವೆಂದು ನಮ್ಮ ವರ್ಗದವರಲ್ಲಿ ಹಲವರು ಅದನ್ನು ದೂರವಿಟ್ಟರು. ಶಿವಮೊಗ್ಗೆಯಿಂದ ಜ್ವರವನ್ನು ಹೊತ್ತು ಬಂದ ನಾರಣಪ್ಪನು ಸಾಯುತ್ತಾನೆ. ಶವಕ್ಕೆ ಸಂಸ್ಕಾರ ಮಾಡುವವರಾರೆಂಬ ಚರ್ಚೆಯಲ್ಲಿ ಅಗ್ರಹಾರವು ಮುಳುಗಿರುವಾಗ ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಇಳಿಯುತ್ತವೆ. ಬ್ರಾಹ್ಮಣರು ಜಾಗಟೆ ಬಾರಿಸಿ ಹದ್ದುಗಳನ್ನು ಓಡಿಸುತ್ತಾರೆಯೇ ಹೊರತು ಸತ್ತ ಇಲಿಯ ಅರ್ಥವನ್ನು ಗ್ರಹಿಸುವುದಿಲ್ಲ. ಕೇಡೆಲ್ಲವೂ ಸತ್ತವನ ಪಾಪದಿಂದ ಬಂತೆಂದು ಅವರ ನಂಬಿಕೆ. ಕಥೆಯಾದರೋ ಆ ನಂಬಿಕೆಯನ್ನು ಬಿಟ್ಟು ಅಗ್ರಹಾರದ ಪ್ರಮುಖನಾದ ಪ್ರಾಣೇಶಾಚಾರ್ಯನ ಅಂತರಂಗದ ಕಡೆಗೆ ತಿರುಗುತ್ತದೆ. ಇದು ಚರಕನ ಕ್ರಮವೇ ಅಲ್ಲವೆ? ಆದಕಾರಣ ಶಾಸ್ತ್ರದ್ರೋಹದ ಆಕ್ಷೇಪವು ನಿಲ್ಲಲಾರದು.

ನಮ್ಮ ಆಕ್ಷೇಪವು ಬೇರೆ. ಇಲ್ಲಿ ಪ್ಲೇಗು ಆಚಾರ್ಯನ ಸಂಕಟಕ್ಕೆ ಉದ್ದೀಪನವಿಭಾವ ಮಾತ್ರ. ಕೇರಿಯ ಗುಡಿಸಲುಗಳಲ್ಲಿ ನಡೆದ ಸಾವುಗಳು ಕಥೆಯ ಅಂಚಿನಲ್ಲಿಯೇ ಉಳಿಯುತ್ತವೆ. ಆಚಾರ್ಯನ ಪತ್ನಿ ಭಾಗೀರಥಿಯ ಮರಣವೂ ಅವನ ಬಿಡುಗಡೆಗೆ ದ್ವಾರವಾಯಿತೆಂಬಂತೆ ತೋರುತ್ತದೆ. ವ್ಯಾಧಿಯನ್ನು ವ್ಯಾಧಿಯಾಗಿ ಅರಿಯಬೇಕೆನ್ನುವ ಹದಿನಾಲ್ಕರ ಬಾಲಕನಿಗೆ ಇದರಿಂದ ದೊರೆಯುವುದು ಸ್ವಲ್ಪ.

ಭೈರಪ್ಪನವರ ‘ಗೃಹಭಂಗ’ವು (೧೯೭೦) ಈ ವಿಷಯದಲ್ಲಿ ಮೇಲಾದುದು. ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಲೇಖಕರು ಅದನ್ನು ಸಂಕೇತವಾಗಿ ಮಾಡಲು ಹೋಗಲಿಲ್ಲ. ಊರನ್ನು ಬಿಡಬೇಕು, ಹೊರಗೆ ಗುಡಿಸಲು ಕಟ್ಟಬೇಕು, ಅದಕ್ಕೆ ಗಳುವೂ ಗರಿಯೂ ಬೇಕು. ಇಷ್ಟರ ನಡುವೆ ನಂಜಮ್ಮನು ಬೆಳೆದ ಮಕ್ಕಳಿಬ್ಬರನ್ನು ಕಳೆದುಕೊಳ್ಳುತ್ತಾಳೆ, ಮುಂದೆ ತಾನೂ ಅದೇ ವ್ಯಾಧಿಗೆ ತುತ್ತಾಗುತ್ತಾಳೆ. ವಿಲಾಪದ ದೀರ್ಘವರ್ಣನೆ ಇಲ್ಲದಿರುವುದರಿಂದಲೇ ಕರುಣವು ಪುಷ್ಟವಾಗಿದೆ. ಉಳಿದ ಬಾಲಕ ವಿಶ್ವನು ಮಾದೇವಯ್ಯನವರೊಡನೆ ಹೊರಟುಹೋಗುವಲ್ಲಿ ಎಳೆಯರ ಕಥೆಯು ಮೊದಲಾಗಬೇಕಾಗಿತ್ತು; ಗ್ರಂಥವು ಅಲ್ಲಿಗೇ ಮುಗಿಯುತ್ತದೆ.

ಅಂತಹ ಕಥೆಯನ್ನು ಅನ್ಯದೇಶದವರು ಬರೆದಿದ್ದಾರೆ. ೧೭೯೩ರಲ್ಲಿ ಫಿಲಡೆಲ್ಫಿಯಾ ನಗರದ ಹತ್ತರಲ್ಲೊಂದು ಪಾಲು ಜನರನ್ನು ಕೊಂದ ಪೀತಜ್ವರವನ್ನು ಕುರಿತು ಲಾರಿ ಹಾಲ್ಸ್ ಆಂಡರ್ಸನ್ ಎಂಬ ಲೇಖಿಕೆಯು ೨೦೦೦ದಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಕಾಫಿ ಅಂಗಡಿಯ ಹುಡುಗಿಯೊಬ್ಬಳೇ ನಾಯಿಕೆ. ರಕ್ತವನ್ನು ಹರಿಯಿಸುವ ವೈದ್ಯರ ಹಠವೂ, ರೋಗಿಗಳನ್ನು ಉಪಚರಿಸಿದ ಕರಿಯ ಜನರ ಸೇವೆಯೂ ಅಲ್ಲಿ ಬಂದಿವೆ. ಸೊಳ್ಳೆಯೇ ವಾಹಕವೆಂಬುದು ೧೯೦೦ರಲ್ಲಿ ಸ್ಥಿರಪಟ್ಟಿತಾದ್ದರಿಂದ ಪಾತ್ರಗಳಾರಿಗೂ ಅದು ತಿಳಿಯದು.

ನಮ್ಮ ಪ್ರಾಂತದಲ್ಲಿ ಇಂತಹ ಗ್ರಂಥಕ್ಕೆ ವಸ್ತುವಿನ ದಾರಿದ್ರ್ಯವಿಲ್ಲ. ೧೩೨೭ರಲ್ಲಿ ಕಂಪಿಲಿಯನ್ನು ಮುರಿದ ತುಘಲಕನ ಸೈನ್ಯವು ಕೆಲವು ವರ್ಷಗಳ ತರುವಾಯ ಓರಂಗಲ್ಲಿನಲ್ಲಿ ಮಾರಿಗೆ ಸಿಕ್ಕಿ ಹಿಂದೆಗೆಯಿತು. ವಿಜಯನಗರದ ಉದಯವನ್ನು ಖಡ್ಗಕ್ಕೇ ಸಲ್ಲಿಸುವವರು ಇದನ್ನೂ ಎಣಿಸಬೇಕು. ಇನ್ನು ೧೮೯೮ರ ಸನ್ನಿವೇಶ: ಮುಂಬಯಿಯಲ್ಲಿ ೧೮೯೬ರಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ಹಿಡಿದು, ಆ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ರೈಲುದಾರಿಯೇ ಅದರ ದಾರಿ. ಹುಬ್ಬಳ್ಳಿ-ಗುಂತಕಲ್ಲು ಮಾರ್ಗದಲ್ಲಿ ಹೊಸಪೇಟೆಯಿದೆ. ಆಗ ಹುಬ್ಬಳ್ಳಿಯು ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು, ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸಿಗೆ, ಸಂಡೂರು ಘೋರ್ಪಡೆಯವರಿಗೆ, ಹೊಳೆಯಾಚೆಯ ಆನೆಗೊಂದಿಯು ನಿಜಾಮನಿಗೆ. ಹರಿಗೋಲಿನಲ್ಲಿ ಹೊಳೆ ದಾಟಿದರೆ ಸರ್ಕಾರವೇ ಬೇರೆ! ಇಲಿಗೂ ಚಿಗಟಕ್ಕೂ ಈ ಎಲ್ಲೆಗಳಿಲ್ಲ. ಬಂಧುಗಳು ಆಚೆಯ ದಡದಲ್ಲಿರುವ ಹುಡುಗಿಯೊಬ್ಬಳಿಗೆ ಇದಕ್ಕಿಂತ ಮಿಗಿಲಾದ ಸಂಕಟವನ್ನು ಕವಿಯು ಕಲ್ಪಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. ಚಿಗಟವೇ ವಾಹಕವೆಂದು ಸಿಮೊಂಡನು ಕಂಡುಕೊಂಡದ್ದು ಅದೇ ೧೮೯೮ರಲ್ಲಿ, ಕರಾಚಿಯಲ್ಲಿ. ಪಂಡಿತರೇ ಬಹುಕಾಲ ಅದನ್ನು ನಂಬಲಿಲ್ಲ. ಆ ಹುಡುಗಿಯ ಬಾಯಲ್ಲಿ ಅದನ್ನು ಆಡಿಸಿದರೆ ಕಾಲವಿರೋಧವೆಂಬ ದೋಷವು ಬರುವುದು. ಅವಳು ನಮ್ಮ ಅಜ್ಜಿಯರಂತೆ ‘ಇಲಿ ಬಿದ್ದಿದೆ, ಊರು ಬಿಡಬೇಕು’ ಎಂದರೆ ಸಾಕು.