ಮುಚ್ಚಂಜೆಯ ದುರ್ಬೀನು

ಸೂರ್ಯಾಸ್ತವಾದ ಮೇಲೆಯೂ ಕೆರೆಯ ಏರಿಯನ್ನು ಬಿಟ್ಟೇಳದೆ, ಕಾಗೆಗಳ ಗದ್ದಲವೆಲ್ಲ ಅಡಗಿ, ರಾತ್ರಿಬಕಗಳು ಒಂದೊಂದಾಗಿ ‘ಕ್ವಾಕ್’ ಎನ್ನುತ್ತ ಜಾಲಿಯ ಮರಗಳಿಂದ ಹೊರಡುವ ಗಳಿಗೆಯವರೆಗೆ ಕಾದು ಕುಳಿತಿರುವ ದುರಭ್ಯಾಸವೊಂದು ನನಗೆ ಬಹುಕಾಲದಿಂದ ಅಂಟಿಕೊಂಡಿದೆ. ನಡುಹಗಲಿನಲ್ಲಿ ದುರ್ಬೀನುಗಳೆಲ್ಲವೂ ಸಭ್ಯಸ್ಥರೇ. ಅವುಗಳ ಕುಲಶೀಲಗಳು ಬಯಲಾಗುವುದು ಮುಚ್ಚಂಜೆಯಲ್ಲಿ. ಅದನ್ನು ಪರೀಕ್ಷಿಸುವ ನೆವದಿಂದ ಕಳೆದ ವಾರ ನನ್ನಲ್ಲಿರುವ 8×30, 8×42, 7×50 ಎಂಬ ಮೂರನ್ನೂ ಚೀಲಕ್ಕೆ ತುಂಬಿ, ಇಪ್ಪತ್ತೆರಡರ ಸೋದರಳಿಯನನ್ನು ಜೊತೆಗೆ ಕರೆದುಕೊಂಡು ಏರಿಯನ್ನೇರಿದೆನು.

ಈ ಅಂಕಿಗಳಲ್ಲಿ ಮೊದಲನೆಯದು ನೋಟವನ್ನು ಎಷ್ಟು ಮಡಿ ಹಿಗ್ಗಿಸುವುದೆಂಬುದನ್ನೂ, ಎರಡನೆಯದು ಮುಂದಿನ ಮಸೂರದ ವ್ಯಾಸವೆಷ್ಟು ಮಿಲಿಮೀಟರ್ ಎಂಬುದನ್ನೂ ತಿಳಿಸುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮುಚ್ಚಂಜೆಯ ವ್ಯವಹಾರವೆಲ್ಲ ನಡೆಯುವುದು ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ದೊರೆಯುವ ಮೂರನೆಯ ಅಂಕಿಯಲ್ಲಿ. ದುರ್ಬೀನನ್ನು ಒಂದು ತೋಳಿನಷ್ಟು ದೂರದಲ್ಲಿ ಆಕಾಶಕ್ಕೆದುರಾಗಿ ಹಿಡಿದರೆ, ಕಣ್ಣಿಡುವ ಗಾಜಿನ ನಡುವೆ ಬೆಳಕಿನ ಪುಟ್ಟ ಬಿಲ್ಲೆಯೊಂದು ತೇಲುವುದು ಕಾಣುತ್ತದೆ. ಅದರ ವ್ಯಾಸವೇ ಆ ಅಂಕಿ. 8×30ರಲ್ಲಿ ಅದು 3.75 ಮಿಲಿಮೀಟರ್, 8×42ರಲ್ಲಿ 5.25, 7×50ರಲ್ಲಿ 7ಕ್ಕೆ ತುಸು ಮೇಲು. ಉಪಕರಣವು ಕೂಡಿಸಿ ತಂದ ಬೆಳಕೆಲ್ಲ ಈ ಬಿಲ್ಲೆಯ ಮೂಲಕವೇ ಕಣ್ಣಿನ ಪಾಪೆಯನ್ನು ಹೊಗಬೇಕು.

ಇಲ್ಲಿಯೇ ವಯಸ್ಸೆಂಬ ಸುಂಕದವನು ನಿಂತಿದ್ದಾನೆ. ತಾರುಣ್ಯದಲ್ಲಿ ಕತ್ತಲೆಗೆ 7 ಮಿಲಿಮೀಟರಿನವರೆಗೂ ಅರಳಬಲ್ಲ ಪಾಪೆಯು, ನನ್ನಂತೆ ಅರುವತ್ತು ದಾಟಿದವರಲ್ಲಿ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ; ಹಲವರಿಗೆ ಅಷ್ಟೂ ಇಲ್ಲ. 5 ಮಿಲಿಮೀಟರಿನ ಬಾಗಿಲಿಗೆ 7ರ ಬಿಲ್ಲೆಯನ್ನೊಡ್ಡಿದರೆ ಮಿಕ್ಕ ಬೆಳಕು ಹೊಸ್ತಿಲ ಹೊರಗೇ ಚೆಲ್ಲಿಹೋಗುತ್ತದೆ. ಲೆಕ್ಕ ಹಾಕಿದರೆ, ಒಂದು ಕಿಲೋವಿನಷ್ಟು ತೂಗುವ ನನ್ನ 7×50, ನನ್ನ ಕೈಯಲ್ಲಿ ಬರಿಯ 7×35 ಆಗಿ ಕೆಲಸಮಾಡುತ್ತದೆ. ಅದಕ್ಕಿಂತ ಹಗುರವಾದ 8×42 ಮಾತ್ರ ತನ್ನ ನಲವತ್ತೆರಡರಲ್ಲಿ ನಲವತ್ತನ್ನು ನನಗೆ ಒಪ್ಪಿಸುತ್ತದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದಂದು, ವರ್ಷಗಟ್ಟಲೆ ಕೊರಳು ನೋಯಿಸಿಕೊಂಡದ್ದಕ್ಕಾಗಿ ನನಗೆ ನನ್ನ ಮೇಲೆಯೇ ಕನಿಕರವುಂಟಾಯಿತು.

ಅಂದಿನ ಪರೀಕ್ಷೆಯೂ ಇದನ್ನೇ ಸಾರಿತು. ಮೊದಲ ಹತ್ತು ನಿಮಿಷ ಮೂರರಲ್ಲಿಯೂ ಭೇದವೆಣಿಸುವಂತಿರಲಿಲ್ಲ. ಅನಂತರ 8×30ರಲ್ಲಿ ಜಾಲಿಯ ಬುಡವೆಲ್ಲ ಮಸಿಯ ಮುದ್ದೆಯಾಗಿ, ನೀರಿಗೂ ದಡಕ್ಕೂ ನಡುವಣ ಗೆರೆ ಅಳಿಸಿತು. ನಾನು 8×42ನ್ನು ಹಿಡಿದು ಅಲ್ಲೊಂದು ಬಕವಿದೆಯೆಂದು ಪ್ರೌಢಿಮೆಯಿಂದ ಹೇಳುತ್ತಿರುವಾಗಲೇ, 7×50ರೊಳಗಿಂದ ನೋಡುತ್ತಿದ್ದ ಹುಡುಗನು, “ಒಂದಲ್ಲ ಮಾವ, ಎರಡಿವೆ, ಹಿಂದಿನದು ಮರಿ, ಮೈಮೇಲೆ ಚುಕ್ಕೆಯಿದೆ” ಎಂದನು. ಅವನ ಕೈಯಿಂದ ಅದನ್ನು ಕಸಿದು ನೋಡಿದೆ. ನನಗೆ ಕಂಡದ್ದು ಒಂದೇ.

ದುರ್ಬೀನುಗಳ ವಿವರಪತ್ರಗಳಲ್ಲಿ ಎರಡು ಅಂಕಿಗಳನ್ನೂ ಗುಣಿಸಿ ವರ್ಗಮೂಲ ತೆಗೆದು, ಸಂಧ್ಯಾಕಾಲದ ಯೋಗ್ಯತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಪದ್ಧತಿಯೊಂದುಂಟು. ಅದರ ಪ್ರಕಾರ ಜೇಬಿನಲ್ಲಿಡುವ 10×25ಕ್ಕೆ 15.8 ಅಂಕ, 8×30ಕ್ಕೆ 15.5! ಎರಡೂವರೆ ಮಿಲಿಮೀಟರಿನ ಬಿಲ್ಲೆಯ ಆ ಆಟಿಕೆಯನ್ನು ಇರುಳಿನಲ್ಲಿ ಮೇಲೆಂದು ಹೊಗಳುವ ಗಣಿತವನ್ನು ನಾನು ಮನ್ನಿಸಲಾರೆ. ಗಾಜಿನ ಲೇಪವನ್ನಂತೂ ಆ ಸಂಖ್ಯೆ ಲೆಕ್ಕಕ್ಕೇ ತೆಗೆದುಕೊಳ್ಳದು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆಸೆಯುವುದರಿಂದ, ಅಂಥ ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಸೋರಿಹೋಗಿರುತ್ತದೆ. 1935ರಲ್ಲಿ ಯೇನಾ ನಗರದ ಝೈಸ್ ಕಾರ್ಖಾನೆಯಲ್ಲಿ ಅಲೆಕ್ಸಾಂಡರ್ ಸ್ಮಕೂಲ ಎಂಬ ವಿಜ್ಞಾನಿಯು ಈ ಸೋರಿಕೆಯನ್ನು ತಡೆಯುವ ತೆಳುಲೇಪವನ್ನು ಸಾಧಿಸಿದನು. ಹಿಂದೊಮ್ಮೆ ಪೇಟೆಯ ಅಂಗಡಿಯವರೊಬ್ಬರು ಮಾಣಿಕ್ಯದಂತೆ ಕೆಂಪಾಗಿ ಹೊಳೆಯುವ ಮಸೂರಗಳನ್ನು ತೋರಿಸಿ, ರಾತ್ರಿಗೆ ಇದೇ ಸರಿಯೆಂದು ನನಗೊಂದನ್ನು ಮಾರಿದ್ದರು. ಹಾಗೆ ಹೊಳೆಯುವುದೆಂದರೆ ಒಳಗೆ ಬರಬೇಕಾದ ಕೆಂಬೆಳಕು ಹೊರಕ್ಕೆ ಹೋಗುತ್ತಿದೆಯೆಂದೇ ಅರ್ಥವೆಂಬುದು ಹಣ ತೆತ್ತ ಮೇಲೆ ಹೊಳೆಯಿತು.

ಜರ್ಮನಿಯ ಬೇಟೆಗಾರರು ಅಟ್ಟಣೆಯ ಮೇಲೆ ಕುಳಿತು ಕಾಡುಹಂದಿಗೆ ಕಾಯುವಾಗ ಬಳಸುವ ಭಾರದ 8×56ಕ್ಕೆ ನಮ್ಮವರಲ್ಲಿ ಕೆಲವರು ಆಸೆಪಡುವುದುಂಟು. ಆ ಉತ್ತರದ ನಾಡಿನಲ್ಲಿ ಸೂರ್ಯನು ಓರೆಯಾಗಿ ಜಾರುವುದರಿಂದ ಸಂಜೆಯು ಬೇಸಗೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ನಮ್ಮಲ್ಲಿ ಅವನು ಬಾವಿಗೆ ಬಿಂದಿಗೆ ಬಿದ್ದಂತೆ ನೆಟ್ಟಗೆ ಮುಳುಗುವನು. ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷಗಳಲ್ಲಿ ಹೊಂಬೆಳಕಿನ ಬಹುಭಾಗ ತೀರಿಹೋಗುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕಾಗಿರುವಾಗ, ನಮ್ಮ ಮುಚ್ಚಂಜೆಯಲ್ಲಿ ಕಣ್ಣು ಸದಾ ಬೆಳಕಿನ ಹಿಂದೆಯೇ ಏದುಸಿರು ಬಿಡುತ್ತ ಓಡುತ್ತಿರುತ್ತದೆ. ಬೆಳಕಿನ್ನೂ ಉಳಿದು ಪಾಪೆಯು ಪೂರ್ತಿ ಅರಳದಿರುವಾಗಲೇ ದೊಡ್ಡ ಬಿಲ್ಲೆಯನ್ನು ತಂದಿಟ್ಟು ಫಲವೇನು?

ಆದರೂ 7×50ರ ಒಂದು ಸೌಖ್ಯವನ್ನು ಹೇಳದಿದ್ದರೆ ಕೃತಘ್ನನಾದೇನು. ಓಲಾಡುವ ಹಡಗಿನ ಮೇಲೆ ರಾತ್ರಿ ಪಹರೆಯ ನಾವಿಕರು ಇದನ್ನೇ ನೆಚ್ಚಿದ್ದುದು ಬೆಳಕಿಗಾಗಿ ಮಾತ್ರವಲ್ಲ. ಬಿಲ್ಲೆಯು ಪಾಪೆಗಿಂತ ದೊಡ್ಡದಾಗಿದ್ದರೆ ಕೈ ಅಲುಗಿದರೂ ಕಣ್ಣು ಅದರಿಂದ ಜಾರಿಬೀಳದು, ನೋಟದ ಅಂಚಿನಲ್ಲಿ ಕಪ್ಪು ಛಾಯೆ ಸುಳಿಯದು. ನಡುಗುವ ಮುದಿಗೈಗಳಿಗೆ ಇದೇನೂ ಅಲ್ಪ ಉಪಕಾರವಲ್ಲ.

ಕೊನೆಗೆ ಅದನ್ನು ಹುಡುಗನ ಕೊರಳಿನಲ್ಲಿಯೇ ಬಿಟ್ಟು, 8×42ನ್ನು ನನ್ನ ಕೊರಳಿಗೆ ಹಾಕಿಕೊಂಡೆ. ಬ್ಯಾಟರಿ ಹೊತ್ತಿಸಹೋದವನನ್ನು ತಡೆದು, ಅಷ್ಟು ಹೊತ್ತಿಗೆ ಒಗ್ಗಿಬಂದಿದ್ದ ಕಣ್ಣುಗಳನ್ನೇ ನಂಬಿ ಇಬ್ಬರೂ ಏರಿಯಿಳಿದೆವು. ತೂಬಿನ ಬಳಿ ಎಡವಿದವನು ನಾನು.